ಇಳಿಜಾರಿನ ಪಾಠ: ಸವೆದ ಮಂಡಿ ಮತ್ತು ಬೆಟ್ಟದ ಹಾದಿ

(ದಕ್ಷಿಣ ಬೆಂಗಳೂರಿನ ಹಿರಿಯ ಚಾರಣಿಗರೂ ಮಲೆನಾಡಿನ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯಲ್ಲಿ ಮಂಡಿನೋವಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದೇ. ಮಂಡಿ ವೈದ್ಯರ ವಿಷಯ, ಬೆಟ್ಟ ಚಳವಳಿಯ ವಿಷಯ ಎಂದು ಬೇರ್ಪಡಿಸಿ ನೋಡುವುದು ರೂಢಿ. ಆದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಘಟ್ಟದ ಕಡೆಗೆ ಬರುವವರೆಲ್ಲರೂ ಇಪ್ಪತ್ತರ ಹರೆಯದವರಲ್ಲ. ಐವತ್ತು, ಅರವತ್ತು ದಾಟಿದವರಿದ್ದಾರೆ. ಮಂಡಿಗೆ ಪಟ್ಟಿ ಬಿಗಿದವರಿದ್ದಾರೆ. ಶಸ್ತ್ರಚಿಕಿತ್ಸೆಯಿಂದ ಕೀಲನ್ನೇ ಬದಲಾಯಿಸಿಕೊಂಡವರೂ ಇದ್ದಾರೆ. ಇಂಥವರು ಬೆಟ್ಟದ ಆಸೆಯನ್ನು ಬಿಡಬೇಕೆಂದು ಕೆಲವರು ಹೇಳುತ್ತಾರೆ. ಇವರಿಗಾಗಿಯೇ ಬೆಟ್ಟದ ತುದಿಯವರೆಗೆ ರಸ್ತೆ, ಜೀಪು, ರೋಪ್‌ವೇ ಬರಬೇಕೆಂದು ಇನ್ನು ಕೆಲವರು ವಾದಿಸುತ್ತಾರೆ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಸವೆದ ಮಂಡಿಗೆ ಹಿತವಾದ ನಡಿಗೆ ಯಾವುದೋ ಬೆಟ್ಟದ ಮಣ್ಣಿಗೂ ಹಿತವಾದ ನಡಿಗೆ ಅದೇ. ಈ ಮಾತನ್ನು ವಿವರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಮಂಡಿಯ ಲೆಕ್ಕ

ತೊಡೆಯ ಮೂಳೆಯೂ ಮೊಣಕಾಲ ಕೆಳಗಿನ ಮೂಳೆಯೂ ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದಕ್ಕೆ ರಕ್ತನಾಳಗಳಿಲ್ಲ. ಆದ್ದರಿಂದ ಒಮ್ಮೆ ಸವೆದರೆ ಅದು ಮೊದಲಿನಂತೆ ಬೆಳೆದು ಬರುವುದಿಲ್ಲ. ವಯಸ್ಸು, ದೇಹದ ತೂಕ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತು ಮಾಡುವ ದುಡಿಮೆ, ಭಾರ ಹೊರುವುದು, ಇವೆಲ್ಲ ಸವೆತಕ್ಕೆ ಕಾರಣಗಳು. ಗಂಡಸರಿಗಿಂತ ಹೆಂಗಸರಲ್ಲಿ ಈ ತೊಂದರೆ ಹೆಚ್ಚು.

ಬೆಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಸಾಮಾನ್ಯ ನಂಬಿಕೆ. ಉಸಿರಿನ ಮಟ್ಟಿಗೆ ಇದು ನಿಜ. ಮಂಡಿಯ ಮಟ್ಟಿಗೆ ನಿಜವಲ್ಲ. ಜರ್ಮನಿಯ ಬರ್ಲಿನ್ನಿನ ಸಂಶೋಧಕರು ಕೃತಕ ಮಂಡಿಯ ಒಳಗೇ ಅಳತೆಯ ಉಪಕರಣವನ್ನಿರಿಸಿ, ನಡೆಯುವಾಗ ಕೀಲಿನ ಮೇಲೆ ಬೀಳುವ ಭಾರವನ್ನು ನೇರವಾಗಿ ಅಳೆದರು. 2010ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೂ ತುಸು ಹೆಚ್ಚು, ಮೆಟ್ಟಿಲು ಇಳಿಯುವಾಗ ಸುಮಾರು ಮೂರೂವರೆ ಪಟ್ಟು ಭಾರ ಬೀಳುತ್ತದೆ. ಅರವತ್ತು ಕಿಲೋ ತೂಕದ ವ್ಯಕ್ತಿ ಇಳಿಯುವಾಗ ಪ್ರತಿ ಹೆಜ್ಜೆಗೂ ಒಂದು ಮಂಡಿ ಇನ್ನೂರು ಕಿಲೋ ಭಾರವನ್ನು ತಡೆಯುತ್ತದೆ ಎಂದಾಯಿತು.

ಇದನ್ನು ಕುಮಾರಪರ್ವತಕ್ಕೆ ಅನ್ವಯಿಸಿ ನೋಡಬಹುದು. 1,712 ಮೀಟರ್ ಎತ್ತರದ ಈ ಶಿಖರದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿದು ಬರುವಾಗ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಇಳಿತವಿದೆ. ಹೆಜ್ಜೆಗೆ 20 ಸೆಂಟಿಮೀಟರ್ ಇಳಿತವೆಂದು ಲೆಕ್ಕ ಹಿಡಿದರೂ 7,500 ಹೆಜ್ಜೆಗಳಾಗುತ್ತವೆ. ಒಂದೊಂದು ಮಂಡಿಯ ಪಾಲಿಗೆ 3,750 ಬಾರಿ ಆ ಭಾರವನ್ನು ತಡೆಯುವ ಕೆಲಸ. ಹೀಗೆ ತಡೆಯುವ ಕೆಲಸದಲ್ಲಿ ಕೀಲನ್ನು ಕಾಯುವುದು ತೊಡೆಯ ಮುಂಭಾಗದ ಸ್ನಾಯು. ವಾಹನಕ್ಕೆ ಬ್ರೇಕು ಹೇಗೋ ಇಳಿಜಾರಿನಲ್ಲಿ ದೇಹಕ್ಕೆ ಈ ಸ್ನಾಯು ಹಾಗೆ. ಅದು ದಣಿದ ಮೇಲೆ ಪ್ರತಿ ಹೆಜ್ಜೆಯೂ ನೇರವಾಗಿ ಕೀಲನ್ನು ಕುಟ್ಟುತ್ತದೆ. ಬೆಟ್ಟದಲ್ಲಿ ಮಂಡಿ ಕೈಕೊಡುವುದು ಬಹುಪಾಲು ಎರಡನೆಯ ದಿನದ ಮಧ್ಯಾಹ್ನ, ಇಳಿಯುವಾಗ.

ಇಲ್ಲಿ ಗಮನಿಸಬೇಕಾದುದು ಎರಡು ದಿನವೆಂಬ ಕಾಲಮಿತಿಯನ್ನು. ಶುಕ್ರವಾರ ರಾತ್ರಿಯಿಡೀ ಬಸ್ಸಿನಲ್ಲಿ ಮಂಡಿ ಮಡಚಿ ಕುಳಿತು, ಶನಿವಾರ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಏರತೊಡಗಿ, ಭಾನುವಾರ ಅವಸರದಿಂದ ಇಳಿದು, ಸೋಮವಾರ ಕಚೇರಿ ಸೇರುವ ವೇಳಾಪಟ್ಟಿಯನ್ನು ಬೆಟ್ಟವೂ ರೂಪಿಸಲಿಲ್ಲ, ಮಂಡಿಯೂ ರೂಪಿಸಲಿಲ್ಲ. ನಗರದ ಕಚೇರಿಗಳು ರೂಪಿಸಿದವು. ಅದೇ ಹಾದಿಯನ್ನು ಮೂರು ದಿನಕ್ಕೆ ಹಂಚಿಕೊಂಡರೆ, ಅಥವಾ ಶಿಖರದ ಹಟವನ್ನು ಬಿಟ್ಟು ಗಿರಿಗದ್ದೆಯಿಂದಲೇ ಹಿಂದಿರುಗಿದರೆ, ಎಷ್ಟೋ ಮಂಡಿಗಳು ಉಳಿಯುತ್ತವೆ.

ಬದಲಾಯಿಸಿದ ಮಂಡಿ

ಮಂಡಿ ಕೀಲಿನ ಬದಲಾವಣೆ ಈಗ ಅಪರೂಪದ ಚಿಕಿತ್ಸೆಯಲ್ಲ. ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮಂಡಿಗೆ 2000ದ ಅಕ್ಟೋಬರಿನಲ್ಲಿ, ಬಲ ಮಂಡಿಗೆ 2001ರ ಜೂನಿನಲ್ಲಿ ಈ ಶಸ್ತ್ರಚಿಕಿತ್ಸೆ ನಡೆದಾಗ ಇದರ ಹೆಸರು ಮನೆಮನೆಗೂ ಮುಟ್ಟಿತು. ಸವೆದ ಮೂಳೆಯ ತುದಿಗಳನ್ನು ಕತ್ತರಿಸಿ ಅಲ್ಲಿ ಲೋಹದ ಹೊದಿಕೆಯನ್ನು ಕೂರಿಸುತ್ತಾರೆ. ಎರಡು ಲೋಹಗಳ ನಡುವೆ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ಪದರವನ್ನಿಡುತ್ತಾರೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಈ ಕೃತಕ ಕೀಲುಗಳ ಬೆಲೆಗೆ ಮಿತಿ ಹೇರಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲು ಅಂದು ತೆರಿಗೆ ಹೊರತು 54,720 ರೂಪಾಯಿಗೆ ಇಳಿಯಿತು. ಅದಕ್ಕೆ ಮೊದಲು ಸರಾಸರಿ ಒಂದೂವರೆ ಲಕ್ಷಕ್ಕೂ ಹೆಚ್ಚಿತ್ತು. ದಕ್ಷಿಣ ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆಗಳಲ್ಲದೆ, ಜಯನಗರದ ಪಕ್ಕದ ಬೈರಸಂದ್ರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆಯೂ ಇದೆ. ಹಳ್ಳಿಯವರು ಇಂಥ ಸರ್ಕಾರಿ ಸಂಸ್ಥೆಗಳಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ಕೃತಕ ಮಂಡಿ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೂ ಉತ್ತರವಿದೆ. ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಪೂರ್ಣವಾಗಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಆದರೆ ಪ್ಲಾಸ್ಟಿಕ್ ಪದರ ಸವೆಯುವ ವಸ್ತು. ಓಟ, ಜಿಗಿತಗಳನ್ನು ಬಿಡಬೇಕೆಂದೂ ನಡಿಗೆ, ಈಜು, ಸೈಕಲ್ ಸವಾರಿ, ಹದವಾದ ಚಾರಣಗಳನ್ನು ಮಾಡಬಹುದೆಂದೂ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಬೆಟ್ಟವನ್ನು ಏರುವುದಕ್ಕಿಂತ ಇಳಿಯುವುದರಲ್ಲಿ ಎಚ್ಚರ ಬೇಕು. ಮಂಡಿ ಮಡಚಿರುವಾಗ ಲೋಹವೂ ಪ್ಲಾಸ್ಟಿಕ್ಕೂ ತಾಗುವ ಜಾಗ ಕಿರಿದಾಗಿ, ಇಡೀ ಭಾರ ಅಷ್ಟೇ ಜಾಗದ ಮೇಲೆ ಕೇಂದ್ರೀಕರಿಸುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆ, ನಿಧಾನದ ಹೆಜ್ಜೆ, ಊರುಗೋಲು ಇವು ಕೃತಕ ಮಂಡಿಗೆ ಅನಿವಾರ್ಯ. ಶಸ್ತ್ರಚಿಕಿತ್ಸೆಯ ನಂತರ ಸ್ನಾಯುಗಳು ಪೂರ್ತಿ ಚೇತರಿಸಿಕೊಳ್ಳಲು ಒಂದು ವರ್ಷದವರೆಗೂ ಬೇಕಾಗಬಹುದು. ಆ ಮೊದಲೇ ಶಿಖರದ ಕನಸು ಕಾಣುವುದು ಬೇಡ.

ಮಲೆನಾಡಿಗೆ ಬರುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಕೃತಕ ಕೀಲು ಇರುವವರ ಚರ್ಮದಲ್ಲಿ ಗಾಯ ಕೀವುಗಟ್ಟಿದರೆ ಆ ಸೋಂಕು ರಕ್ತದ ಮೂಲಕ ಕೀಲಿಗೂ ತಗಲುವ ಅಪಾಯ ಉಂಟು. ಮಳೆಗಾಲದ ಕಾಡಿನಲ್ಲಿ ಇಂಬಳ ಕಚ್ಚುವುದು ಎಲ್ಲರಿಗೂ ಗೊತ್ತಿರುವುದೇ. ಕಚ್ಚಿದ ಜಾಗವನ್ನು ಕೊಳಕು ಉಗುರಿನಿಂದ ತುರಿಸಿ ಹುಣ್ಣು ಮಾಡಿಕೊಳ್ಳದೆ, ತೊಳೆದು ಔಷಧ ಹಚ್ಚಬೇಕು. ಕೀಲಿನ ಸುತ್ತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ನಗರದಲ್ಲೇ ಆಗಬೇಕಾದ ಸಿದ್ಧತೆ

ಬೆಟ್ಟಕ್ಕೆ ಬೇಕಾದ ಕಾಲುಗಳನ್ನು ಬೆಟ್ಟದಲ್ಲಿ ಸಂಪಾದಿಸಲಾಗದು. ಮನೆಯ ಬಳಿಯೇ ಸಂಪಾದಿಸಬೇಕು. ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನವರು ಅದೃಷ್ಟವಂತರು. ಲಾಲ್‌ಬಾಗಿನ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು. ಅದರ ಏರಿಳಿತ ಹೊಸಬರ ಮಂಡಿಗೆ ಹದವಾದ ಪರೀಕ್ಷೆ. ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಕೆರೆಗಳ ದಂಡೆಯಲ್ಲಿ ಸಮತಟ್ಟಾದ ಹಾದಿಗಳಿವೆ. 2017ರ ಜೂನಿನಿಂದ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಮೆಟ್ರೋ ಓಡುತ್ತಿದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರಂಭವಾಗಿ ಬಿ.ಟಿ.ಎಂ. ಬಡಾವಣೆಗೂ ನಿಲ್ದಾಣ ಬಂದಿದೆ. ಎತ್ತರದ ಈ ನಿಲ್ದಾಣಗಳ ಮೆಟ್ಟಿಲುಗಳು ದಿನವೂ ಸಿಗುವ ಖರ್ಚಿಲ್ಲದ ಬೆಟ್ಟ. ಮೊದಲ ಕೆಲವು ವಾರ ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯಬೇಕು. ತೊಡೆಯ ಸ್ನಾಯು ಬಲವಾದ ಮೇಲೆ, ಕೈಪಿಡಿ ಹಿಡಿದು ನಿಧಾನವಾಗಿ ಇಳಿಯುವುದನ್ನು ಕಲಿಯಬೇಕು. ಆತುರದಿಂದ ಇಳಿದರೆ ಅದು ಅಭ್ಯಾಸವಲ್ಲ, ಸವೆತ. ಕೃತಕ ಮಂಡಿಯವರು ತಪಾಸಣೆಯ ಬಾಗಿಲು ದಾಟುವಾಗ ಯಂತ್ರ ಕೂಗಬಹುದು. ಕಾಲಿನಲ್ಲಿ ಲೋಹವಿದೆ ಎಂದು ಮೊದಲೇ ಹೇಳಿದರಾಯಿತು.

ತೂಕದ ಮಾತನ್ನೂ ಇಲ್ಲಿಯೇ ಹೇಳಬೇಕು. ಮಂಡಿ ಸವೆದಿರುವ ಸ್ಥೂಲಕಾಯದವರನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ತೋರಿಸಿತು. ಬೆನ್ನಿನ ಚೀಲಕ್ಕೂ ಇದೇ ನ್ಯಾಯ. ಒಂದು ರಾತ್ರಿಯ ಚಾರಣಕ್ಕೆ ಹನ್ನೆರಡು ಕಿಲೋ ಚೀಲ ಹೊರುವವರು ಮೊದಲು ಅದನ್ನು ಆರಕ್ಕೆ ಇಳಿಸಬೇಕು. ಚೀಲ ಹಗುರವಾದಷ್ಟೂ ಬೆಟ್ಟದ ಮೇಲೆ ಉಳಿಯುವ ಪ್ಲಾಸ್ಟಿಕ್ ಕಸವೂ ಕಡಿಮೆಯಾಗುತ್ತದೆ.

ಬನಶಂಕರಿಯಿಂದಾಚೆ ಕನಕಪುರ ರಸ್ತೆಯ ಬಳಿಯಿರುವ ತುರಹಳ್ಳಿ ಕಾಡಿನ ಕಥೆಯನ್ನು ವಿದ್ಯಾರ್ಥಿಗಳು ನೆನಪಿಡಬೇಕು. 2021ರ ಆರಂಭದಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು, ಯೋಜನೆಯನ್ನು ಕೈಬಿಡಲಾಯಿತು. ಕಾಡು ಕಾಡಾಗಿಯೇ ಇರಲಿ ಎಂದವರಲ್ಲಿ ನಿತ್ಯವೂ ಆ ಕಾಲುಹಾದಿಗಳನ್ನು ತುಳಿಯುತ್ತಿದ್ದವರಿದ್ದರು. ನಡೆದು ಬಲ್ಲ ಜಾಗವನ್ನು ಜನ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವಯಸ್ಸಾದವರು ನಡೆಯುವುದನ್ನು ನಿಲ್ಲಿಸಿದರೆ ಕಾಡು ತನ್ನ ಕಾವಲುಗಾರರನ್ನೂ ಕಳೆದುಕೊಳ್ಳುತ್ತದೆ.

ಅಡ್ಡದಾರಿ ಮತ್ತು ಬಳಸುದಾರಿ

ಈಗ ಬೆಟ್ಟದ ಹಾದಿಯನ್ನೇ ನೋಡೋಣವೆಂದರೆ, ಮಲೆನಾಡಿನ ಹಳೆಯ ಕಾಲುಹಾದಿಗಳು ಇಳಿಜಾರನ್ನು ನೇರವಾಗಿ ಸೀಳುವುದಿಲ್ಲ. ಹಾವಿನಂತೆ ಬಳುಕುತ್ತ ಏರುತ್ತವೆ. ಭಾರ ಹೊತ್ತವರು ಹಾಕಿದ ಹಾದಿಗಳವು. ತಲೆಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲು ನಡುನಡುವೆ ಎತ್ತರದ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಸಾವಿರ ಮೆಟ್ಟಿಲುಗಳಾದವು. ಹತ್ತುವವರು ನಡುವೆ ನಂದಿಯ ಬಳಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಮನುಷ್ಯನ ಮಂಡಿಗೆ ಮಿತಿಯಿದೆ ಎಂಬ ತಿಳಿವಳಿಕೆ ಹಳೆಯ ಹಾದಿಗಳಲ್ಲೇ ಅಡಗಿದೆ.

ಅವಸರದ ಚಾರಣಿಗರು ಬಳಸುದಾರಿಯನ್ನು ಬಿಟ್ಟು ತಿರುವಿನಿಂದ ತಿರುವಿಗೆ ನೇರವಾಗಿ ಇಳಿಯುತ್ತಾರೆ. ಮೊದಲ ವರ್ಷ ಹುಲ್ಲು ಸಾಯುತ್ತದೆ. ಮುಂದಿನ ಮಳೆಗಾಲದಲ್ಲಿ ಆ ಬೋಳು ಗೆರೆಯಲ್ಲಿ ನೀರು ಹರಿದು ಮಣ್ಣು ಕೊಚ್ಚುತ್ತದೆ. ಕೆಲವೇ ವರ್ಷಗಳಲ್ಲಿ ಅದು ಮೊಣಕಾಲುದ್ದದ ಕೊರಕಲಾಗುತ್ತದೆ. ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ತೆಳುವಾದ ಮಣ್ಣು ಒಮ್ಮೆ ಹೋದರೆ ಒಂದು ತಲೆಮಾರಿನಲ್ಲಿ ಮರಳುವಂಥದ್ದಲ್ಲ. ಅಡ್ಡದಾರಿ ಕಡಿದಾಗಿರುವುದರಿಂದ ಪ್ರತಿ ಹೆಜ್ಜೆಯ ಇಳಿತವೂ ಹೆಚ್ಚು, ಮಂಡಿಗೆ ಬೀಳುವ ಪೆಟ್ಟೂ ಹೆಚ್ಚು. ಮಣ್ಣನ್ನು ಕೊರೆಯುವ ಹೆಜ್ಜೆ ಮತ್ತು ಮಂಡಿಯನ್ನು ಸವೆಸುವ ಹೆಜ್ಜೆ ಎರಡೂ ಒಂದೇ ಹೆಜ್ಜೆ. ಮಂಡಿನೋವಿನವರು ಸ್ವಂತ ಹಿತಕ್ಕಾಗಿ ಬಳಸುದಾರಿಯಲ್ಲಿ ನಡೆದರೂ ಬೆಟ್ಟದ ಸೇವೆಯನ್ನೇ ಮಾಡಿದಂತೆ.

ಗುಂಪಿನ ಗಾತ್ರವೂ ಮುಖ್ಯ. 2024ರ ಜನವರಿಯ ಕೊನೆಯ ವಾರದಲ್ಲಿ ರಜೆಗಳು ಕೂಡಿಬಂದಾಗ ಕುಮಾರಪರ್ವತಕ್ಕೆ ಜನಸಾಗರವೇ ನುಗ್ಗಿತು. ಇಕ್ಕಟ್ಟಾದ ಹಾದಿಯಲ್ಲಿ ಸಾಲುಗಟ್ಟಿ ನಿಂತವರ ಚಿತ್ರಗಳು ನಾಡಿನಾದ್ಯಂತ ಹರಡಿದವು. ಅರಣ್ಯ ಇಲಾಖೆ ಹಲವು ಹಾದಿಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಆನ್‌ಲೈನ್ ಮೂಲಕ ಮುಂಗಡವಾಗಿ ಕಾಯ್ದಿರಿಸುವ, ದಿನಕ್ಕೆ ಇಂತಿಷ್ಟೇ ಜನ ಎಂಬ ವ್ಯವಸ್ಥೆ ಬಂದಿತು. ಇದನ್ನು ಕಿರುಕುಳವೆಂದು ಬಗೆಯುವವರಿದ್ದಾರೆ. ಆದರೆ ಹಿಂದಿನಿಂದ ನೂರು ಜನ ದೂಡುತ್ತಿದ್ದರೆ ಮಂಡಿನೋವಿನವರು ತಮ್ಮ ವೇಗದಲ್ಲಿ ಇಳಿಯಲಾಗುವುದಿಲ್ಲ. ಜನರ ಮಿತಿ ಬೆಟ್ಟಕ್ಕೆ ಎಷ್ಟು ಬೇಕೋ ದುರ್ಬಲ ಕಾಲುಗಳಿಗೂ ಅಷ್ಟೇ ಬೇಕು.

ಯಾರ ಮಂಡಿಗಾಗಿ ರಸ್ತೆ?

ವಯಸ್ಸಾದವರೂ ಶಿಖರ ನೋಡಬೇಡವೆ ಎಂಬ ವಾದವನ್ನು ಮುಂದಿಟ್ಟು ಅನೇಕ ಯೋಜನೆಗಳು ಬರುತ್ತವೆ. ಕೊಡಚಾದ್ರಿಯ ಏರಿನಲ್ಲಿ ಜೀಪುಗಳ ಓಡಾಟದಿಂದ ದಾರಿ ಹೇಗಾಗಿದೆ ಎಂಬುದನ್ನು ಕಂಡವರು ಬಲ್ಲರು. ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ನಿರ್ಮಿಸುವ ಪ್ರಸ್ತಾಪವೂ ಕೇಳಿಬಂದಿದೆ. ಪಶ್ಚಿಮಘಟ್ಟದ ಆಯ್ದ ತಾಣಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದು ಅಲ್ಲಿನ ಜೀವವೈವಿಧ್ಯಕ್ಕಾಗಿಯೇ ಹೊರತು ತುದಿಯಲ್ಲಿ ನಿಂತು ಕಾಣುವ ನೋಟಕ್ಕಾಗಿ ಅಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಹೇಳದಿದ್ದರೆ ಬೆಟ್ಟದ ಜನರಿಗೆ ಅನ್ಯಾಯವಾಗುತ್ತದೆ. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಕಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಜಾರುವ ಇಳಿಜಾರಿನಲ್ಲಿ ತೋಟಕ್ಕೆ ಇಳಿಯುವ ಹೆಂಗಸು ಚಾರಣಿಗರ ಪಟ್ಟಿಯಲ್ಲಿ ಇಲ್ಲ. ಸಸಿ ನಡುವಾಗ, ಅಡಿಕೆ ಹೆಕ್ಕುವಾಗ, ಸುಲಿಯುವಾಗ ಬಗ್ಗಿ, ಕುಕ್ಕರಿಸಿ ಅವಳ ಮಂಡಿಯೂ ಸವೆಯುತ್ತದೆ. ಅವಳಿಗೆ ಊರುಗೋಲಿಲ್ಲ, ವಿಶ್ರಾಂತಿಯಿಲ್ಲ, ಹತ್ತಿರದಲ್ಲಿ ಮೂಳೆವೈದ್ಯರಿಲ್ಲ. ಅನಾರೋಗ್ಯವಾದರೆ ಕಂಬಳಿಯ ಜೋಲಿಯಲ್ಲಿ ಹೊತ್ತು ತರಬೇಕಾದ ಮನೆಗಳು ಇಂದಿಗೂ ಇವೆ. ಮಳೆಗಾಲದಲ್ಲಿ ಕಾಲುಸಂಕವಿಲ್ಲದೆ ಹೊಳೆಯಾಚೆ ಸಿಕ್ಕಿಹಾಕಿಕೊಳ್ಳುವ ಕೇರಿಗಳಿವೆ. ಆ ಮನೆಗಳಿಗೆ ದಾರಿ, ಸಂಕ, ವಾಹನ ಬೇಕು; ಅದು ಅವರ ಹಕ್ಕು. ಊರಿಗೆ ಬೇಕಾದ ದಾರಿಯನ್ನೂ ನೋಟಕ್ಕೆ ಬೇಕಾದ ದಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಶಿಖರಕ್ಕೆ ರಸ್ತೆ ಕೇಳುವ ದನಿ ಜೋರಾಗಿ ಕೇಳಿಸುವಾಗ ಕಾಲುಸಂಕ ಕೇಳುವ ದನಿ ಅಡಗಿಹೋಗುವುದು ನಿಜವಾದ ಅನ್ಯಾಯ.

ನಿಧಾನವೇ ಚಳವಳಿಯ ನಡೆ

ದೂರದ ನಡಿಗೆ ಕನ್ನಡನಾಡಿಗೆ ಹೊಸದಲ್ಲ. ಶಿವರಾತ್ರಿಯ ಹೊತ್ತಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ, ಕನಕಪುರದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಅವರಲ್ಲಿ ವಯಸ್ಸಾದವರೂ ಇರುತ್ತಾರೆ. ಬಿಸಿಲೇರುವ ಮೊದಲು ನಡೆದು, ಹೊತ್ತೇರಿದ ಮೇಲೆ ನೆರಳಿನಲ್ಲಿ ಉಳಿದು, ದಾರಿಯ ಊರವರು ಕೊಟ್ಟ ಮಜ್ಜಿಗೆ ಕುಡಿದು, ದಿನಗಟ್ಟಲೆ ಹಂಚಿಕೊಂಡು ನಡೆಯುವುದರಿಂದಲೇ ಅದು ಅವರಿಗೆ ಸಾಧ್ಯವಾಗುತ್ತದೆ.

ಪರಿಸರ ಚಳವಳಿಯೂ ನಡೆದೇ ಬೆಳೆದುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡಾಗ ಅಪ್ಪಿಕೋ ಹುಟ್ಟಿತು. ಸುಂದರಲಾಲ ಬಹುಗುಣರು 1981ರಿಂದ 1983ರವರೆಗೆ ಕಾಶ್ಮೀರದಿಂದ ಕೊಹಿಮಾದವರೆಗೆ ಹಿಮಾಲಯದುದ್ದಕ್ಕೂ ನಡೆದಾಗ ಅವರಿಗೆ ಐವತ್ತು ದಾಟಿತ್ತು. 1987ರ ನವೆಂಬರ್ 1ರಂದು ಪಶ್ಚಿಮಘಟ್ಟ ಉಳಿಸಿ ಪಾದಯಾತ್ರೆ ಉತ್ತರ ದಕ್ಷಿಣಗಳೆರಡರಿಂದಲೂ ಹೊರಟು, 1988ರ ಫೆಬ್ರುವರಿಯಲ್ಲಿ ಗೋವಾದಲ್ಲಿ ಸಮಾವೇಶಗೊಂಡಿತು. ಈ ಯಾತ್ರೆಗಳು ಶಿಖರ ಮುಟ್ಟುವುದಕ್ಕಾಗಿ ನಡೆದವಲ್ಲ. ಊರಿನಲ್ಲಿ ನಿಂತು, ಮಾತಾಡಿ, ಕೇಳಿಸಿಕೊಂಡು ಮುಂದಿನ ಊರಿಗೆ ಸಾಗುವ ನಿಧಾನವೇ ಅವುಗಳ ಬಲ.

ಕೊನೆಯದಾಗಿ, ಕಾರ್ಯರೂಪಕ್ಕೆ ತರಬಹುದಾದ ಕೆಲವು ಸಲಹೆಗಳು.

ನಡೆಯುವವರಿಗೆ: ವೈದ್ಯರನ್ನು ಕೇಳದೆ ಹೊರಡಬಾರದು. ಒಂದರ ಬದಲು ಎರಡು ಕೋಲು ಹಿಡಿಯಬೇಕು. ಇಳಿಯುವಾಗ ಕೋಲು ತುಸು ಉದ್ದವಿದ್ದರೆ ಅನುಕೂಲ. ಎತ್ತರದ ಮೆಟ್ಟಿಲಿನಲ್ಲಿ ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮರುದಿನ ಬೆಳಗ್ಗೆಯೂ ಊತ ಇಳಿಯದಿದ್ದರೆ ಹಿಂದಿನ ದಿನದ ನಡಿಗೆ ಅತಿಯಾಯಿತೆಂದು ಅರ್ಥ. ಮಂಡಿ ಸಿಕ್ಕಿಹಾಕಿಕೊಂಡಂತಾದರೆ, ಕುಸಿದಂತಾದರೆ ಅಲ್ಲಿಗೇ ನಿಲ್ಲಿಸಬೇಕು. ನೋವುಗುಳಿಗೆ ನುಂಗಿ ನೋವನ್ನು ಮರೆಸಿ ಇಳಿಯುವುದು ಎಲ್ಲಕ್ಕಿಂತ ಅಪಾಯಕಾರಿ.

ಚಾರಣ ಏರ್ಪಡಿಸುವವರಿಗೆ: ಗುಂಪಿನ ವೇಗವನ್ನು ಅತ್ಯಂತ ನಿಧಾನದವರು ನಿರ್ಧರಿಸಲಿ. ಎರಡು ದಿನದ ಹಾದಿಗೆ ಮೂರು ದಿನ ಕೊಡಲಿ. ಚೀಲ ಹೊರಲು, ದಾರಿ ತೋರಲು ಊರಿನವರಿಗೆ ಮರ್ಯಾದೆಯ ಕೂಲಿ ಸಲ್ಲಲಿ.

ಬೆಟ್ಟದ ಊರುಗಳಿಗೆ: ಮಳೆಗಾಲ ಮುಗಿದ ಕೂಡಲೇ ಅರಣ್ಯ ಇಲಾಖೆಯ ಅನುಮತಿ ಪಡೆದು ಅಡ್ಡದಾರಿಗಳಿಗೆ ಮುಳ್ಳು, ಕಲ್ಲು ಇಟ್ಟು ಮುಚ್ಚಬಹುದು, ಬಳಸುದಾರಿಯ ನೀರುಗಾಲುವೆಗಳನ್ನು ಬಿಡಿಸಬಹುದು, ಕುಳಿತೇಳಲು ಎತ್ತರದ ಕಲ್ಲುಗಳನ್ನು ಜೋಡಿಸಬಹುದು. ಆ ಕಲ್ಲಿನ ಮೇಲೆ ನಗರದ ಚಾರಣಿಗರೂ ಕೂರುತ್ತಾರೆ, ಹೊರೆ ಹೊತ್ತ ಊರಿನ ಹೆಂಗಸರೂ ಕೂರುತ್ತಾರೆ.

ವಿದ್ಯಾರ್ಥಿಗಳಿಗೆ: ಊರಿನಲ್ಲಿ ಯಾರ್ಯಾರ ಮಂಡಿ ನೋಯುತ್ತಿದೆ, ಅವರು ದಿನಕ್ಕೆ ಎಷ್ಟು ದೂರ, ಎಷ್ಟು ಭಾರ ಹೊತ್ತು ನಡೆಯುತ್ತಾರೆ ಎಂಬುದನ್ನು ಅವರ ಒಪ್ಪಿಗೆಯಿಂದ ಬರೆದಿಡಲಿ. ಎಲ್ಲಿ ಕಾಲುಸಂಕ ಬೇಕು, ಎಲ್ಲಿ ವೈದ್ಯರ ಶಿಬಿರ ಬೇಕು ಎಂಬುದನ್ನು ಆ ಪಟ್ಟಿಯೇ ಗ್ರಾಮಸಭೆಗೆ ಹೇಳುತ್ತದೆ.